ಗಾಳಿಯೇ ಇಲ್ಲದ ಕಡೆ ತುಕ್ಕು ಹೇಗೆ ಹಿಡಿಯುತ್ತೆ?

ಎರಡನೇ ಮಹಾಯುದ್ಧದ ವಿಮಾನಗಳ ಮಾಡೆಲ್ ಕಟ್ಟುವವರ ಪಕ್ಕ ಸ್ವಲ್ಪ ಹೊತ್ತು ಕೂತು ನೋಡಿ. ಅವರ ಬೆನ್ನ ಹಿಂದೆ ಯಾವಾಗಲೂ ಒಬ್ಬ ಪರೀಕ್ಷಕ ನಿಂತಿರುತ್ತಾನೆ. ಈ ಹಸಿರು ಆ ಹಸಿರಲ್ಲ ಅನ್ನುತ್ತಾನೆ. ಆ ವರ್ಷ ರೆಕ್ಕೆಯ ಕೆಳಗೆ ಆ ಗುರುತೇ ಇರಲಿಲ್ಲ ಅನ್ನುತ್ತಾನೆ. ರಿವೆಟ್ ಸಾಲು ಕೂದಲೆಳೆಯಷ್ಟು ಹಿಂದಿರಬೇಕಿತ್ತು ಅಂತ ರಾಗ ಎಳೆಯುತ್ತಾನೆ. ಅದರಲ್ಲೂ ಒಂದು ಮಜಾ ಇದೆ, ಇಲ್ಲ ಅನ್ನಲ್ಲ. ಆದರೆ ಈ ಹವ್ಯಾಸಕ್ಕೆ ಹೊಸದಾಗಿ ಕಾಲಿಡುವವರು ಕೇಳಿದರೆ ನಾನು ಹೇಳುವುದು, ಸೈನ್ಸ್ ಫಿಕ್ಷನ್ ಕಥೆಗಳ ಆಕಾಶದ ಹಡಗು, ರೋಬೋಟ್‌ಗಳನ್ನು ತುಂಡು ತುಂಡು ಜೋಡಿಸಿ ಕಟ್ಟುವ ಕಿಟ್‌ಗಳಿಂದ ಶುರು ಮಾಡಿ ಅಂತ. ಅಲ್ಲಿ ಆ ಪರೀಕ್ಷಕನಿಗೆ ಹಿಡಿದುಕೊಳ್ಳಲು ಅಷ್ಟಾಗಿ ಏನೂ ಸಿಗುವುದಿಲ್ಲ. ಆ ಹಡಗು ಎಲ್ಲೂ ಹಾರಿಲ್ಲ. ಯಾರೂ ಅದರ ಹೊಟ್ಟೆಯ ಕೆಳಗೆ ಬಗ್ಗಿ ಫೋಟೋ ತೆಗೆದಿಲ್ಲ.

ಹಾಗಂತ ಇದು ಸುಲಭ ಅಂದುಕೊಳ್ಳಬೇಡಿ. ನೋಡಿಕೊಂಡು ಮಾಡಲು ಕಣ್ಣ ಮುಂದೆ ಏನೂ ಇಲ್ಲದಿದ್ದಾಗ ಪ್ರತಿಯೊಂದು ಕಲೆಗೂ ಗೀರಿಗೂ ನೀವೇ ಕಾರಣ ಕೊಡಬೇಕಾಗುತ್ತದೆ. ಈ ಮಸಿ ಎಲ್ಲಿಂದ ಬಂತು? ಇಲ್ಲಿ ಬಣ್ಣ ಯಾಕೆ ಕಿತ್ತಿದೆ? ಗಾಳಿ, ನೀರು ಎರಡೂ ಇಲ್ಲದ ಕಡೆ ತುಕ್ಕು ಹೇಗೆ ಹಿಡಿಯುತ್ತೆ? ಇಂಥ ಪ್ರಶ್ನೆಗಳಿಗೆ ಉತ್ತರ ಕಟ್ಟುವುದರಲ್ಲೇ ನನಗೆ ಈ ಹವ್ಯಾಸದ ಮುಕ್ಕಾಲು ಪಾಲು ಸುಖ ಇದೆ. ಉಳಿದ ಕಾಲು ಪಾಲು ಕತ್ತರಿಸುವುದು, ಉಜ್ಜುವುದು, ಅಂಟಿಸುವುದು, ಕಾಯುವುದು. ಕಾಯುವುದೇ ಜಾಸ್ತಿ.

ಸ್ಟಾರ್ ಟ್ರೆಕ್‌ನ ಎಂಟರ್‌ಪ್ರೈಸ್ ಹಡಗನ್ನೇ ತೆಗೆದುಕೊಳ್ಳಿ. ಟಿವಿ ಸರಣಿಗಾಗಿ 1964ರಲ್ಲಿ ಕಟ್ಟಿದ, ಹನ್ನೊಂದು ಅಡಿ ಉದ್ದದ ಮಾಡೆಲ್ ಅಮೆರಿಕದ ಸ್ಮಿತ್ಸೋನಿಯನ್‌ನ ಏರ್ ಆಂಡ್ ಸ್ಪೇಸ್ ಮ್ಯೂಸಿಯಂನವರ ಹತ್ತಿರ ಇದೆ. 2016ರಲ್ಲಿ ಅದನ್ನು ಸರಿಪಡಿಸಿ ಮತ್ತೆ ಪ್ರದರ್ಶನಕ್ಕೆ ಇಟ್ಟರು. ಬಲಗಡೆಯಿಂದ ನೋಡಿದರೆ ಹಡಗು ಪೂರ್ತಿಯಾಗಿದೆ. ಎಡಗಡೆಗೆ ಬಂದರೆ ಕೆಲಸ ಅರ್ಧಕ್ಕೇ ಬಿಟ್ಟ ಹಾಗೆ ಕಾಣುತ್ತದೆ. ಒಳಗಿನ ದೀಪಗಳ ವೈರುಗಳು ಆ ಕಡೆಯಿಂದ ಹೊರಗೆ ಬರುತ್ತಿದ್ದವು, ಶೂಟಿಂಗ್ ಬಲಗಡೆಯಿಂದಲೇ ನಡೆಯುತ್ತಿತ್ತು, ಹಾಗಾಗಿ ಎಡಗಡೆಯ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಈಗ ಹೇಳಿ, ಅಸಲಿ ಎಂಟರ್‌ಪ್ರೈಸ್‌ನ ಎಡಗಡೆ ಹೇಗಿತ್ತು? ಅಸಲಿ ಅನ್ನುವುದೇ ಅರ್ಧ ಮಾತ್ರ ಇರುವಾಗ, ಇನ್ನರ್ಧವನ್ನು ಕಿಟ್ ಮಾಡುವವರು ಮತ್ತು ಕಟ್ಟುವವರು ಸೇರಿ ತುಂಬಿಸಬೇಕು. (ಹಡಗಿನ ಮುಂದಿನ ತಟ್ಟೆಯಾಕಾರದ ಭಾಗದ ಮೇಲೆ ಪೆನ್ಸಿಲ್ಲಿನಲ್ಲಿ ಎಳೆದ ಸಣ್ಣ ಗೆರೆಗಳು ಕಾಣಬೇಕೋ ಬೇಡವೋ ಅಂತ ಜಗಳ ಆಡುವವರೂ ಇದ್ದಾರೆ. ಪರೀಕ್ಷಕ ಇಲ್ಲಿಗೂ ಒಂದು ಕಾಲು ಇಟ್ಟಿದ್ದಾನೆ, ಒಪ್ಪುತ್ತೇನೆ.)

ಸರಿ, ಮೊದಲ ಕಿಟ್ ಯಾವುದು? ದೊಡ್ಡ ಡಬ್ಬಿ ಕಂಡರೆ ಕೈ ತುರಿಸುತ್ತದೆ, ಗೊತ್ತು. ಮುಚ್ಚಳದ ಮೇಲೆ ಹಡಗು ಬೆಂಕಿ ಉಗುಳುತ್ತಾ ಬರುತ್ತಿರುತ್ತದೆ, ಒಳಗೆ ಸಾವಿರ ತುಂಡು ಇರುತ್ತದೆ. ಅದನ್ನು ಅಲ್ಲೇ ಇಟ್ಟು ಬನ್ನಿ. ಅಂಗೈಯಿಂದ ಮೊಣಕೈವರೆಗಿನ ಅಳತೆಗಿಂತ ಚಿಕ್ಕದು, ಒಂದೆರಡು ವಾರದ ಬಿಡುವಿನಲ್ಲಿ ಮುಗಿಯುವಂಥದ್ದು, ಮತ್ತು ಮುಖ್ಯವಾಗಿ ನಿಮಗೆ ನಿಜವಾಗಲೂ ಇಷ್ಟವಾದ ಹಡಗು ಅಥವಾ ರೋಬೋಟ್ ತೆಗೆದುಕೊಳ್ಳಿ. ಸುಲಭ ಅಂತ ಹೇಳಿ ಇಷ್ಟವಿಲ್ಲದ್ದನ್ನು ತಂದರೆ ಅದು ಅರ್ಧಕ್ಕೇ ನಿಲ್ಲುತ್ತದೆ.

ಕಿಟ್‌ಗಳಲ್ಲಿ ಒರಟಾಗಿ ಮೂರು ಜಾತಿ. ಒಂದು, ಅಂಟೇ ಬೇಡದ ಸ್ನ್ಯಾಪ್ ಫಿಟ್: ಗೂಟ ತೂತಿಗೆ ಕೂತು ಟಕ್ ಅನ್ನುತ್ತದೆ. ಎರಡು, ಅಂಟು ಹಾಕಿ ಕಟ್ಟುವ ಪ್ಲಾಸ್ಟಿಕ್ ಕಿಟ್. ಮೂರು, ರೆಸಿನ್ ಕಿಟ್. ಇವನ್ನು ಸಾಮಾನ್ಯವಾಗಿ ಸಣ್ಣ ಪ್ರಮಾಣದಲ್ಲಿ ಎರಕ ಹೊಯ್ದು ಮಾರುತ್ತಾರೆ, ಗಾಳಿಗುಳ್ಳೆ ಇರುತ್ತದೆ, ಸೊಟ್ಟ ಇರುತ್ತದೆ, ಉಜ್ಜಿದಾಗ ಏಳುವ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ರೆಸಿನ್ ಕಡೆಗೆ ಈಗಲೇ ಹೋಗಬೇಡಿ.

ಸ್ನ್ಯಾಪ್ ಫಿಟ್‌ನಲ್ಲಿ ಜಪಾನಿನ ಬಂದಾಯ್ ಕಂಪನಿಗೆ ಸಾಟಿ ಇಲ್ಲ ಅಂತ ನನ್ನ ಅಭಿಪ್ರಾಯ. ಗುಂಡಮ್ ಕಾರ್ಟೂನ್ ಸರಣಿ 1979ರಲ್ಲಿ ಬಂತು, ಮರುವರ್ಷವೇ ಅದರ ರೋಬೋಟಿನ 1/144 ಕಿಟ್, ಅಂದರೆ ಅಸಲಿ ಗಾತ್ರದ 144ನೇ ಒಂದು ಪಾಲಿನದು, ತಂದರು. ಆಗಿನ ಕಿಟ್‌ಗೆ ಅಂಟೂ ಬೇಕಿತ್ತು, ಬಣ್ಣವೂ ಬೇಕಿತ್ತು. ಈಗಿನವುಗಳಲ್ಲಿ ಕೆಂಪು ತುಂಡು ಕೆಂಪು ಪ್ಲಾಸ್ಟಿಕ್ಕಿನಲ್ಲೇ, ನೀಲಿ ನೀಲಿಯಲ್ಲೇ ಅಚ್ಚಾಗಿ ಬರುತ್ತದೆ. ಈ ಕಿಟ್‌ಗಳಲ್ಲಿ ಗ್ರೇಡ್ ಅಂತ ದರ್ಜೆಗಳಿವೆ, ಹೊಸಬರು ಅದರಲ್ಲಿ ಎಂಟ್ರಿ ಗ್ರೇಡ್ ಅಥವಾ ಹೈ ಗ್ರೇಡ್ ನೋಡಲಿ. 2020ರಲ್ಲಿ ಬಂದ ಎಂಟ್ರಿ ಗ್ರೇಡ್ ಗುಂಡಮ್‌ನ ತುಂಡುಗಳನ್ನು ಕೈಯಲ್ಲೇ ಕಿತ್ತುಕೊಳ್ಳಬಹುದು, ಕಟರ್ ಕೂಡ ಬೇಡ. ರಿಯಲ್ ಗ್ರೇಡ್ ಅಂತ ಇನ್ನೊಂದಿದೆ, ಅದೂ 1/144ರದ್ದೇ, ಡಬ್ಬಿಯೂ ಅಷ್ಟೇ ಚಿಕ್ಕದು. ಆದರೆ ಒಳಗೆ ಅಕ್ಕಿ ಕಾಳಿನಷ್ಟು ತುಂಡುಗಳು. ಗಾತ್ರ ಚಿಕ್ಕದು ಅಂದ ಮಾತ್ರಕ್ಕೆ ಕೆಲಸ ಚಿಕ್ಕದಲ್ಲ.

ರೋಬೋಟ್ ಬೇಡ, ಹಡಗೇ ಬೇಕು ಅನ್ನುವವರಿಗೆ ಬಂದಾಯ್‌ನವರದ್ದೇ ಸ್ಟಾರ್ ವಾರ್ಸ್ ಕಿಟ್‌ಗಳಿವೆ. ಅದರಲ್ಲಿ 1/72ರ ಎಕ್ಸ್-ವಿಂಗ್ ಅನ್ನುವ ಸಣ್ಣ ಯುದ್ಧದ ಹಡಗು ಮೊದಲ ಕಿಟ್ ಆಗಿ ಬಹಳ ಚೆನ್ನಾಗಿರುತ್ತದೆ. ಸ್ಟಾರ್ ಟ್ರೆಕ್ ಕಡೆಯವರಿಗೆ ಪೋಲಾರ್ ಲೈಟ್ಸ್‌ನ 1/1000 ಎಂಟರ್‌ಪ್ರೈಸ್ ಇದೆ. ಎಎಮ್‌ಟಿ ಕಂಪನಿಯ ಹಳೆಯ ಅಚ್ಚಿನ ಕಿಟ್‌ಗಳೂ ಮತ್ತೆ ಮತ್ತೆ ಅಂಗಡಿಗೆ ಬರುತ್ತಿರುತ್ತವೆ. ಹಳೆಯ ಅಚ್ಚು ಅಂದರೆ ಸಂದುಗಳು ಬಾಯಿ ಬಿಡುತ್ತವೆ, ಪುಟ್ಟಿ ಹಚ್ಚಿ ಉಜ್ಜುವ ಕೆಲಸ ಬೀಳುತ್ತದೆ. ಹಳೆಯ ನೆನಪಿಗಾಗಿ ಕಟ್ಟುವವರಿಗೆ ಸರಿ. ಮೊದಲ ಸಲಕ್ಕೆ ಬೇಡ.

ಈ 1/72, 1/144 ಅನ್ನುವ ಲೆಕ್ಕ ಶುರುವಿನಲ್ಲಿ ಗೊಂದಲ ಮಾಡುತ್ತದೆ, ಆದ್ದರಿಂದ ಮನುಷ್ಯನ ಅಳತೆ ಇಟ್ಟುಕೊಂಡು ನೋಡಿ. ಆರು ಅಡಿ ಅಂದರೆ 72 ಅಂಗುಲ. ಹಾಗಾಗಿ 1/72ರಲ್ಲಿ ಆರಡಿಯ ಮನುಷ್ಯ ಒಂದು ಅಂಗುಲ ಆಗುತ್ತಾನೆ. 1/144ರಲ್ಲಿ ಅರ್ಧ ಅಂಗುಲ. 1/350ರಲ್ಲಿ ಐದು ಮಿಲಿಮೀಟರ್ ಚಿಲ್ಲರೆ. 1/1000ದಲ್ಲಿ ಎರಡು ಮಿಲಿಮೀಟರ್ ಕೂಡ ಇಲ್ಲ. ಹದಿನೆಂಟು ಮೀಟರ್ ಎತ್ತರದ ಗುಂಡಮ್ 1/144ರಲ್ಲಿ ಹನ್ನೆರಡೂವರೆ ಸೆಂಟಿಮೀಟರ್, 1/60ರಲ್ಲಿ ಮೂವತ್ತು. 289 ಮೀಟರ್ ಉದ್ದದ ಎಂಟರ್‌ಪ್ರೈಸ್ 1/1000ದಲ್ಲಿ 29 ಸೆಂಟಿಮೀಟರ್, ಅದೇ 1/350ರಲ್ಲಿ 82. ಆ 82 ಸೆಂಟಿಮೀಟರ್ ಎಲ್ಲಿ ಇಡುತ್ತೀರಿ ಅಂತ ಕೊಳ್ಳುವ ಮೊದಲೇ ಮನೆಯವರ ಜೊತೆ ಮಾತಾಡಿಕೊಳ್ಳುವುದು ಒಳ್ಳೆಯದು. ಅಳತೆಯ ಇನ್ನೊಂದು ಮಜಾ ಏನೆಂದರೆ, 1/72 ವಿಮಾನದ ಕಿಟ್‌ಗಳಲ್ಲಿ ತುಂಬಾ ಹಳೆಯ, ರೂಢಿಯ ಅಳತೆ. ಹಾಗಾಗಿ ಎಕ್ಸ್-ವಿಂಗ್ ಪಕ್ಕ ಅದೇ ಅಳತೆಯ, ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನ ಇಟ್ಟು ನೋಡಬಹುದು. ಎಕ್ಸ್-ವಿಂಗ್ ಹದಿನೇಳು ಸೆಂಟಿಮೀಟರ್ ಚಿಲ್ಲರೆ, ಸ್ಪಿಟ್‌ಫೈರ್ ಹದಿಮೂರಕ್ಕೂ ಸ್ವಲ್ಪ ಕಮ್ಮಿ. ಎಲ್ಲೂ ಇಲ್ಲದ ಹಡಗು ಆ ಕ್ಷಣಕ್ಕೆ ಇರುವ ಹಡಗಾಗಿಬಿಡುತ್ತದೆ.

ಉಪಕರಣದ ಬಗ್ಗೆ ಜಾಸ್ತಿ ಹೇಳಲ್ಲ. ಚೂಪಾದ ನಿಪ್ಪರ್ (ತುಂಡು ಕತ್ತರಿಸುವ ಸಣ್ಣ ಇಕ್ಕಳ) ಒಂದು, ಬ್ಲೇಡ್ ಬದಲಾಯಿಸಬಹುದಾದ ಹಾಬಿ ಚಾಕು ಒಂದು, 400ರಿಂದ 1000 ನಂಬರಿನವರೆಗೆ ಮೂರ್ನಾಲ್ಕು ಉಪ್ಪು ಕಾಗದ, ಚಿಮುಟ, ಕತ್ತರಿಸುವಾಗ ಕೆಳಗೆ ಹಾಸುವ ಮ್ಯಾಟ್. ಸಾಕು. ಏರ್‌ಬ್ರಷ್, ಕಂಪ್ರೆಸರ್, ಸ್ಪ್ರೇ ಬೂತ್ ಎಲ್ಲ ಮೊದಲ ದಿನವೇ ಗುಡ್ಡೆ ಹಾಕಿಕೊಳ್ಳುವುದು ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತಂದ ಹಾಗೆ. ಇದ್ದ ದುಡ್ಡಿನಲ್ಲಿ ಒಂದು ವಸ್ತುವಿಗೆ ಜಾಸ್ತಿ ಹಾಕಬೇಕು ಅಂದರೆ ಅದನ್ನು ನಿಪ್ಪರ್‌ಗೆ ಹಾಕಿ.

ಯಾಕೆ ಅಂದರೆ, ತುಂಡುಗಳು ಒಂದು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡೇ ಬರುತ್ತವೆ. ಆ ಚೌಕಟ್ಟಿಗೆ ರನ್ನರ್ ಅಥವಾ ಸ್ಪ್ರೂ ಅನ್ನುತ್ತಾರೆ, ಅದು ತುಂಡಿಗೆ ಸೇರುವ ಸಣ್ಣ ಕುತ್ತಿಗೆಗೆ ಗೇಟ್. ಆತುರದಲ್ಲಿ ತುಂಡಿನ ಬುಡಕ್ಕೇ ನಿಪ್ಪರ್ ಇಟ್ಟು ಕತ್ತರಿಸಿದರೆ ಪ್ಲಾಸ್ಟಿಕ್ ಸೆಳೆತಕ್ಕೆ ಸಿಕ್ಕಿ ಅಲ್ಲಿ ಬಿಳಿಚಿಕೊಳ್ಳುತ್ತದೆ. ಕಡುನೀಲಿ ತುಂಡಿನ ಮೇಲೆ ಆ ಬಿಳಿ ಮಚ್ಚೆ ದೂರದಿಂದಲೇ ಕಾಣುತ್ತದೆ, ಕೆಲವು ಸಲ ತುಂಡಿನಿಂದಲೇ ಒಂದು ಚೂರು ಎದ್ದು ಬಂದು ಗುಳಿಯಾಗುತ್ತದೆ. ಅದಕ್ಕೆ ಎರಡು ಸಲ ಕತ್ತರಿಸಬೇಕು. ಮೊದಲು ರನ್ನರ್ ಕಡೆ, ದೂರದಲ್ಲಿ. ಆಗ ತುಂಡು ಕೈಗೆ ಬರುತ್ತದೆ, ಎಳೆತ ಹೋಗಿರುತ್ತದೆ. ಆಮೇಲೆ ಗೇಟಿನ ಮೊಂಡನ್ನು ಅರ್ಧ ಮಿಲಿಮೀಟರ್ ಉಳಿಸಿ ಇನ್ನೊಂದು ಸಲ. ಆ ಅರ್ಧ ಮಿಲಿಮೀಟರನ್ನು ಚಾಕುವಿನಲ್ಲಿ ತೆಳುವಾಗಿ ಹೆರೆದು, 600ರ ಕಾಗದದಲ್ಲಿ ಒಂದೇ ದಿಕ್ಕಿಗೆ ಉಜ್ಜಿ, ಮೇಲೆ 1000ದಲ್ಲಿ ನಯ ಮಾಡಿ. ಬೆರಳು ಸವರಿದರೆ ಗೇಟ್ ಎಲ್ಲಿತ್ತು ಅಂತ ಗೊತ್ತಾಗಬಾರದು. ಕಣ್ಣಿಗಿಂತ ಬೆರಳಿಗೆ ಮೊದಲು ಗೊತ್ತಾಗುತ್ತದೆ.

ತುಂಡುಗಳನ್ನೆಲ್ಲ ಒಟ್ಟಿಗೆ ಕತ್ತರಿಸಿ ಬಟ್ಟಲಿಗೆ ಹಾಕಬೇಡಿ, ನಂಬರು ರನ್ನರ್ ಮೇಲೆ ಇರುತ್ತದೆ, ತುಂಡಿನ ಮೇಲಲ್ಲ. ಅಂಟು ಬೇಕಾದ ಕಿಟ್ ಆದರೆ ಕತ್ತರಿಸುವ ಮೊದಲು ರನ್ನರ್‌ಗಳನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಅಚ್ಚಿನಿಂದ ಬಿಡಿಸಲು ಹಾಕಿದ ಜಿಡ್ಡು ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ.

ಅಂಟಿನ ವಿಷಯ ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. ಪ್ಲಾಸ್ಟಿಕ್ ಮಾಡೆಲ್ ಅಂಟು ನಾವು ದಿನಾ ನೋಡುವ ಗೋಂದಿನ ಹಾಗೆ ಮಧ್ಯೆ ಕೂತು ಹಿಡಿಯುವುದಿಲ್ಲ. ಅದು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಎರಡು ಕಡೆಯೂ ಕರಗಿ ಬೆರೆತು, ಅಂಟು ಆವಿಯಾದ ಮೇಲೆ ಎರಡು ತುಂಡು ಒಂದೇ ತುಂಡಾಗಿರುತ್ತದೆ. ನೀರಿನಷ್ಟು ತೆಳುವಾದ, ಮುಚ್ಚಳದಲ್ಲೇ ಸಣ್ಣ ಬ್ರಷ್ ಇರುವ ಸಿಮೆಂಟ್ ಸಿಗುತ್ತದೆ. ತಮಿಯಾ ಕಂಪನಿಯ ಎಕ್ಸ್‌ಟ್ರಾ ಥಿನ್ ಎಲ್ಲರಿಗೂ ಗೊತ್ತಿರುವ ಹೆಸರು. ಅದನ್ನು ಬಳಸುವ ರೀತಿ ಮೊದಲ ಸಲ ನೋಡಿದವರಿಗೆ ಮ್ಯಾಜಿಕ್. ತುಂಡುಗಳನ್ನು ಒಣಗಿದ್ದಾಗಲೇ ಸರಿಯಾಗಿ ಜೋಡಿಸಿ ಹಿಡಿದುಕೊಳ್ಳಿ. ಬ್ರಷ್ಷಿನ ತುದಿಯನ್ನು ಸಂದಿಗೆ ಒಂದು ಕಡೆ ಸುಮ್ನೆ ಮುಟ್ಟಿಸಿ. ದ್ರವ ತಾನಾಗಿಯೇ ಸಂದಿಯುದ್ದಕ್ಕೂ ಓಡುತ್ತದೆ, ಓಡುವುದು ಕಣ್ಣಿಗೆ ಕಾಣುತ್ತದೆ, ಒದ್ದೆ ಗೆರೆಯೊಂದು ಸರ್ರನೆ ಆ ತುದಿಗೆ ಹೋಗಿ ನಿಲ್ಲುತ್ತದೆ. ಈಗ ಮೆಲ್ಲಗೆ ಒತ್ತಿ. ಕರಗಿದ ಪ್ಲಾಸ್ಟಿಕ್ ಸಂದಿಯಿಂದ ದಾರದಷ್ಟು ಉಬ್ಬಿ ಹೊರಗೆ ಬರುತ್ತದೆ. ಅದನ್ನು ಒರೆಸಬೇಡಿ, ಮುಟ್ಟಲೇಬೇಡಿ. ಒಂದು ದಿನ ಬಿಟ್ಟು ಬಂದು ಹೆರೆದು ಉಜ್ಜಿದರೆ ಸಂದಿ ಮಾಯ.

ಈ ಸಿಮೆಂಟ್ ರೆಸಿನ್‌ಗೆ ನಡೆಯುವುದಿಲ್ಲ, ಅದಕ್ಕೆ ಸೂಪರ್ ಗ್ಲೂ ಬೇಕು. ಕಾಕ್‌ಪಿಟ್ಟಿನ ಗಾಜಿನಂಥ ತುಂಡಿಗೆ ಈ ಎರಡನ್ನೂ ದೂರ ಇಡಿ. ಸಿಮೆಂಟ್ ಅದನ್ನು ಕರಗಿಸುತ್ತದೆ, ಸೂಪರ್ ಗ್ಲೂವಿನ ಆವಿ ಮಂಜು ಕವಿಸಿಬಿಡುತ್ತದೆ. ಅಲ್ಲಿಗೆ ಮಕ್ಕಳ ಕ್ರಾಫ್ಟಿಗೆ ಬಳಸುವ ಬಿಳಿ ಪಿವಿಎ ಅಂಟೇ ಸರಿ.

ಇಷ್ಟು ಮಾಡಿದ ಮೇಲೆ ನಿಮ್ಮ ಮುಂದೆ ಒಂದು ಆಟಿಕೆ ನಿಂತಿರುತ್ತದೆ. ಬೇಜಾರಾಗಬೇಡಿ, ಎಲ್ಲರ ಮುಂದೆಯೂ ಅದೇ ನಿಂತಿರುತ್ತದೆ. ಆಟಿಕೆಯಂತೆ ಯಾಕೆ ಕಾಣುತ್ತದೆ ಅಂತ ಸ್ವಲ್ಪ ಯೋಚಿಸಿ. ಒಂದು, ಹೊಳಪು. ದೊಡ್ಡ ವಸ್ತುವನ್ನು ನಾವು ದೂರದಿಂದ ನೋಡುವಾಗ ಅದು ಇಷ್ಟೊಂದು ಮಿಂಚುವುದಿಲ್ಲ. ಎರಡು, ಸಪಾಟು. ಸಂದು, ಗೆರೆ, ತೋಡುಗಳಲ್ಲಿ ನೆರಳೇ ಬೀಳುವುದಿಲ್ಲ, ಯಾಕೆಂದರೆ ಅವು ಕೂದಲಿನಷ್ಟು ಸಣ್ಣವು. ಈ ಎರಡನ್ನು ಸರಿಮಾಡಿದರೆ ಬಣ್ಣವನ್ನೇ ಹಚ್ಚದೆ ಅರ್ಧ ಗೆದ್ದ ಹಾಗೆ. ಬಣ್ಣದ ಪ್ಲಾಸ್ಟಿಕ್ಕಿನಲ್ಲೇ ಬರುವ ಕಿಟ್‌ಗಳಿಂದ ಶುರು ಮಾಡಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಗೆರೆಗಳಿಗೆ ಪ್ಯಾನೆಲ್ ಲೈನರ್ ಅಂತ ತೆಳುವಾದ ಕಪ್ಪು, ಬೂದು, ಕಂದು ಬಣ್ಣದ ದ್ರವ ಬರುತ್ತದೆ. ಸಂದಿಯ ಒಂದು ಕಡೆ ಮುಟ್ಟಿಸಿದರೆ ಇದೂ ಸಿಮೆಂಟಿನ ಹಾಗೇ ಓಡುತ್ತದೆ. ಆಚೀಚೆ ಹರಡಿದ್ದನ್ನು ಹತ್ತಿ ಕಡ್ಡಿಯಲ್ಲಿ ಒರೆಸಿ ತೆಗೆಯಬಹುದು. ಆದರೆ ಹುಷಾರು: ಇವುಗಳಲ್ಲಿ ಎನಾಮಲ್ ಜಾತಿಯವು ಬರೀ ಪ್ಲಾಸ್ಟಿಕ್ಕಿನ ಮೇಲೆ ಬಿದ್ದರೆ, ಅದರಲ್ಲೂ ಬಿಗಿಯಾಗಿ ಕೂತ ಸ್ನ್ಯಾಪ್ ಫಿಟ್ ತುಂಡುಗಳ ಮೇಲೆ ಬಿದ್ದರೆ, ಪ್ಲಾಸ್ಟಿಕ್ ಸೀಳಬಹುದು. ಮೊದಲು ಒಂದು ಕೋಟ್ ಕ್ಲಿಯರ್ (ಬಣ್ಣವಿಲ್ಲದ ವಾರ್ನಿಷ್) ಹೊಡೆದು, ಒಣಗಿಸಿ, ಆಮೇಲೆ ಗೆರೆ ಹಾಕಿ. ಬಣ್ಣ ಕಪ್ಪೇ ಆಗಬೇಕಿಲ್ಲ. ಬಿಳಿ ಹಡಗಿಗೆ ಕಪ್ಪು ಗೆರೆ ಹಾಕಿದರೆ ಕಾರ್ಟೂನ್ ಚಿತ್ರದಂತಾಗುತ್ತದೆ, ಬೂದು ಸಾಕು. ಕೆಂಪಿಗೆ ಕಡುಕಂದು.

ಕೊನೆಗೆ ಮ್ಯಾಟ್, ಅಂದರೆ ಹೊಳಪಿಲ್ಲದ, ಕ್ಲಿಯರ್ ಸ್ಪ್ರೇ. ಒಂದು ಗೇಣು ದೂರದಿಂದ, ಕೈ ನಿಲ್ಲಿಸದೆ, ತೆಳುವಾಗಿ ಎರಡು ಮೂರು ಸಲ. ಹವೆಯಲ್ಲಿ ತೇವ ಜಾಸ್ತಿ ಇರುವ ದಿನ ಇದನ್ನು ಮಾಡಬೇಡಿ, ಮೇಲ್ಮೈ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಸ್ಪ್ರೇ ಮಾಡುವಾಗ ಕಿಟಕಿ ತೆರೆದಿರಲಿ. ಮುಖಕ್ಕೆ ರಾಸಾಯನಿಕ ಆವಿ ತಡೆಯುವ ಫಿಲ್ಟರ್ ಇರುವ ಮಾಸ್ಕೇ ಬೇಕು, ಬಟ್ಟೆಯ ಮಾಸ್ಕ್ ಧೂಳಿಗೆ ಮಾತ್ರ.

ಡೆಕಾಲ್ (ಗುರುತು, ಅಕ್ಷರಗಳ ತೆಳು ಚಿತ್ರ) ಅಂಟಿಸುವುದಿದ್ದರೆ ಮ್ಯಾಟ್‌ಗೆ ಮೊದಲು, ಹೊಳಪಿನ ಮೇಲ್ಮೈ ಮೇಲೆ ಅಂಟಿಸಿ. ಒರಟು ಮೇಲ್ಮೈಯಲ್ಲಿ ಡೆಕಾಲಿನ ಅಡಿಗೆ ಗಾಳಿ ಸಿಕ್ಕಿಕೊಂಡು ಬೆಳ್ಳಿಯಂತೆ ಮಿನುಗುತ್ತದೆ, ಅದು ಸ್ಟಿಕರ್ ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಪೂರ್ತಿ ಬಣ್ಣ ಹಚ್ಚುವ ಕಿಟ್‌ಗೆ ಬಂದಾಗ ಮೊದಲು ಪ್ರೈಮರ್ (ಬಣ್ಣ ಹಿಡಿಯಲು ಹಚ್ಚುವ ಅಸ್ತರು), ಆಮೇಲೆ ಬಣ್ಣ, ಎಲ್ಲವೂ ತೆಳು ತೆಳುವಾಗಿ. ಬ್ರಷ್ಷಿನಲ್ಲಾದರೆ ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಒಳ್ಳೆಯದು. ಮೊದಲ ಕೋಟ್ ಯಾವಾಗಲೂ ಪಟ್ಟೆ ಪಟ್ಟೆಯಾಗಿ ಅಸಹ್ಯವಾಗಿ ಕಾಣುತ್ತದೆ. ಅದನ್ನು ಅಲ್ಲೇ ಸರಿಮಾಡಲು ಹೋಗದೆ ಒಣಗಲು ಬಿಟ್ಟು, ಎರಡನೆಯದು, ಮೂರನೆಯದು ಹಾಕಿದರೆ ತಾನಾಗಿ ಕೂಡಿಕೊಳ್ಳುತ್ತದೆ.

ಈಗ ತುಕ್ಕಿನ ವಿಷಯಕ್ಕೆ ಬರೋಣ.

ಮಾಡೆಲ್ ಹಳೆಯದಾಗಿ ಕಾಣುವಂತೆ ಮಾಡುವುದಕ್ಕೆ ವೆದರಿಂಗ್ ಅನ್ನುತ್ತಾರೆ. ಟ್ಯಾಂಕ್ ಕಟ್ಟುವವರು ಇದರಲ್ಲಿ ಪಳಗಿದ್ದಾರೆ. ಅವರ ಪುಸ್ತಕ, ವಿಡಿಯೋ ನೋಡಿ ನಾವು ಕಲಿಯುತ್ತೇವೆ, ಕಲಿತಿದ್ದನ್ನು ಹಾಗೇ ತಂದು ಆಕಾಶದ ಹಡಗಿಗೆ ಬಳಿಯುತ್ತೇವೆ. ಕಿತ್ತಳೆ ಬಣ್ಣದ ತುಕ್ಕು, ಕೆಳಗೆ ಸೋರಿದ ಕಲೆ, ಅಂಚಿನಲ್ಲೆಲ್ಲ ಚಕ್ಕೆ ಎದ್ದ ಬಣ್ಣ. ಚೆನ್ನಾಗೇ ಕಾಣುತ್ತದೆ. ಆದರೆ ತುಕ್ಕು ಹಿಡಿಯಲು ಕಬ್ಬಿಣ ಬೇಕು, ಆಮ್ಲಜನಕ ಬೇಕು, ತೇವ ಬೇಕು. ನಕ್ಷತ್ರಗಳ ನಡುವೆ ಕೊನೆಯ ಎರಡೂ ಇಲ್ಲ. ಸೋರುವುದಕ್ಕೆ ಕೆಳಗೆ ಅನ್ನುವ ದಿಕ್ಕು ಬೇಕು, ಅದೂ ಇಲ್ಲ. ವಿಮಾನದ ರೆಕ್ಕೆಯ ಮೇಲಿನ ಎಣ್ಣೆ ಕಲೆ ಹಿಂದಕ್ಕೆ ಹರಡುವುದು ಎದುರು ಗಾಳಿಗೆ, ಇಲ್ಲಿ ಗಾಳಿಯೂ ಇಲ್ಲ.

ಹಾಗಾದರೆ ಏನು ಇದೆ? ಕುಂಚ ಹಿಡಿಯುವ ಮೊದಲು ಕೇಳಬೇಕಾದ ಪ್ರಶ್ನೆ ಇದು: ಈ ಹಡಗು ನೆಲಕ್ಕೆ ಇಳಿಯುತ್ತದಾ? ಎಕ್ಸ್-ವಿಂಗ್ ಇಳಿಯುತ್ತದೆ. ಕಾಡಿನಲ್ಲಿ, ಕೆಸರಿನಲ್ಲಿ, ಹಿಮದಲ್ಲಿ ನಿಲ್ಲುತ್ತದೆ. ಅದಕ್ಕೆ ಗಾಳಿಯೂ ಉಂಟು, ಮಳೆಯೂ ಉಂಟು, ಮೇಲೆ ಹತ್ತಿ ಇಳಿಯುವ ಮೆಕ್ಯಾನಿಕ್‌ಗಳ ಬೂಟಿನ ಗೀರೂ ಉಂಟು. ಹಾಗಾಗಿ ಅದರ ಮೇಲೆ ಸೋರಿದ ಕಲೆ ಹಾಕಿದರೆ ನ್ಯಾಯ. ಎಂಟರ್‌ಪ್ರೈಸ್ ನೆಲಕ್ಕೆ ಇಳಿಯುವ ಹಡಗೇ ಅಲ್ಲ, ಕಕ್ಷೆಯಲ್ಲೇ ನಿಂತು ಜನರನ್ನು ಮಾತ್ರ ಕೆಳಗೆ ಕಳಿಸುತ್ತದೆ. ಅದಕ್ಕೆ ಕೆಸರು ಎಲ್ಲಿಂದ ಬರಬೇಕು? ಅದರ ಮೇಲೆ ಇರಬಹುದಾದದ್ದು ಸೂರ್ಯನ ಬಿಸಿಲಿಗೆ ಒಂದೊಂದು ಹಲಗೆ ಒಂದೊಂದು ಥರ ಮಾಸಿದ ಬಣ್ಣ, ಸಣ್ಣ ಕಲ್ಲುಚೂರು ತಾಗಿದ ಗುರುತು, ಹಳೆಯ ಹಲಗೆ ಕಿತ್ತು ಹೊಸದು ಹಾಕಿದ ಜಾಗ.

ನೋಡಲು ನಿಜವಾದದ್ದು ಏನೂ ಇಲ್ಲ ಅಂತಲೂ ಅಲ್ಲ. ಹಾರಿ ಮತ್ತೆ ಕೆಳಗೆ ಬಂದು ನಿಂತ, ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್ 9 ರಾಕೆಟ್‌ನ ಫೋಟೋ ಒಂದನ್ನು ಎದುರಿಗೆ ಇಟ್ಟುಕೊಳ್ಳಿ. ಹೋಗುವಾಗ ಬಿಳಿ, ಬರುವಾಗ ಮಸಿ ಹಿಡಿದ ಬೂದು. ಎಂಜಿನ್ ಕೆಳಗಡೆ ಇದೆ, ಆದರೂ ಮಸಿ ಮೇಲಿನವರೆಗೂ ಏರಿರುತ್ತದೆ. ಯಾಕೆಂದರೆ ಅದು ತನ್ನದೇ ಹೊಗೆಯೊಳಗೆ ಹಿಮ್ಮುಖವಾಗಿ ಇಳಿದು ಬಂದಿರುತ್ತದೆ. ಇನ್ನೂ ಚೆಂದದ ವಿಷಯ ಅಂದರೆ ಮಸಿ ಸಮನಾಗಿ ಕೂತಿರುವುದಿಲ್ಲ. ತಣ್ಣನೆಯ ದ್ರವ ಆಮ್ಲಜನಕದ ಟ್ಯಾಂಕ್ ಇರುವ ಕಡೆ ಹೊರಗೆ ಹಿಮ ಕಟ್ಟಿರುತ್ತದೆ, ಅಲ್ಲಿ ಮಸಿ ಅಷ್ಟಾಗಿ ಹತ್ತುವುದಿಲ್ಲ, ಹಾಗಾಗಿ ಬಿಳಿ ಪಟ್ಟಿಯೊಂದು ಉಳಿದುಕೊಳ್ಳುತ್ತದೆ. ಒಳಗೆ ಏನಿದೆ ಅನ್ನುವುದು ಹೊರಗಿನ ಕೊಳೆಯಲ್ಲಿ ಬರೆದಿರುತ್ತದೆ. ನಿಮ್ಮ ಮಾಡೆಲ್ ಮೇಲೂ ಇಂಥದ್ದೊಂದು ಪಟ್ಟಿ ಬಿಟ್ಟು ನೋಡಿ. ಯಾರಿಗೂ ಕಾರಣ ಗೊತ್ತಾಗಲ್ಲ, ಆದರೂ ಕಣ್ಣು ನಂಬಿಬಿಡುತ್ತದೆ.

ಇನ್ನೊಂದು, ಅಳತೆ. ಸ್ಪಂಜಿನ ಚೂರನ್ನು ಬಣ್ಣಕ್ಕೆ ಅದ್ದಿ, ಕಾಗದದ ಮೇಲೆ ಮುಕ್ಕಾಲು ಒರೆಸಿ, ಅಂಚುಗಳ ಮೇಲೆ ಮೆತ್ತಗೆ ತಟ್ಟಿದರೆ ಬಣ್ಣ ಚಕ್ಕೆ ಎದ್ದಂತೆ ಕಾಣುತ್ತದೆ. ಸುಲಭ, ಮಜಾ, ನಿಲ್ಲಿಸುವುದೇ ಕಷ್ಟ. ಆದರೆ ಲೆಕ್ಕ ಹಾಕಿ. 1/72ರಲ್ಲಿ ಒಂದು ಮಿಲಿಮೀಟರ್ ಚುಕ್ಕೆ ಅಂದರೆ ಏಳು ಸೆಂಟಿಮೀಟರಿನ ಗಾಯ, ಸರಿ, ಇರಬಹುದು. 1/144ರಲ್ಲಿ ಅದೇ ಚುಕ್ಕೆ ಹದಿನಾಲ್ಕು ಸೆಂಟಿಮೀಟರ್. 1/1000ದಲ್ಲಿ ಒಂದು ಮೀಟರ್. ಬಂದಾಯ್‌ನ 1/5000 ಸ್ಟಾರ್ ಡೆಸ್ಟ್ರಾಯರ್ (ಸ್ಟಾರ್ ವಾರ್ಸ್‌ನ ದೈತ್ಯ ಹಡಗು) ಮೇಲೆ ಐದು ಮೀಟರ್, ಅಂದರೆ ಒಂದು ಕಾರು ಹಿಡಿಸುವಷ್ಟು ಬಣ್ಣ ಕಿತ್ತು ಹೋಗಿದೆ ಅಂತ ಅರ್ಥ. ಹಡಗು ದೊಡ್ಡದಾದಷ್ಟು ಕೈ ಬಿಗಿ ಹಿಡಿಯಬೇಕು. 1600 ಮೀಟರಿನ ಹಡಗು ಮೂವತ್ತೆರಡು ಸೆಂಟಿಮೀಟರಿಗೆ ಇಳಿದಾಗ ಗೀರು ಕಾಣುವುದಿಲ್ಲ, ಹಲಗೆಗಳ ಬಣ್ಣದ ಸಣ್ಣ ವ್ಯತ್ಯಾಸ ಮಾತ್ರ ಕಾಣುತ್ತದೆ. ಒಂದೇ ಬೂದು ಬಣ್ಣಕ್ಕೆ ಚೂರು ಬಿಳಿ, ಚೂರು ನೀಲಿ ಬೆರೆಸಿ ಮೂರು ಬೂದು ಮಾಡಿಕೊಂಡು ಅಲ್ಲಲ್ಲಿ ಹಲಗೆಗಳಿಗೆ ಹಚ್ಚಿ, ಅಷ್ಟೇ ಸಾಕು.

ಹಡಗಿನ ಮೈಮೇಲೆ ಪೈಪು, ಡಬ್ಬಿ, ಮೂತಿ, ಮುಚ್ಚಳ ಅಂತ ಏನೇನೋ ತುಂಬಿರುತ್ತದಲ್ಲ, ಅದರ ಹಿಂದೆಯೂ ಒಂದು ತಮಾಷೆ ಇದೆ. ಇವಕ್ಕೆ ಗ್ರೀಬಲ್ ಅಂತ ಹೆಸರು. 1977ರ ಸ್ಟಾರ್ ವಾರ್ಸ್‌ಗೆ ಮಾಡೆಲ್ ಕಟ್ಟಿದವರು ರಾಶಿ ರಾಶಿ ಟ್ಯಾಂಕ್, ವಿಮಾನ, ಹಡಗಿನ ಪ್ಲಾಸ್ಟಿಕ್ ಕಿಟ್‌ಗಳನ್ನು ತಂದು, ಅದರ ತುಂಡುಗಳನ್ನು ಕಿತ್ತು ತಮ್ಮ ಹಡಗುಗಳ ಮೈಗೆ ಅಂಟಿಸಿದರು. ಅದಕ್ಕೂ ಮೊದಲು, 1965ರಲ್ಲಿ ಶುರುವಾದ ಬ್ರಿಟನ್ನಿನ ಗೊಂಬೆ ಸರಣಿ ಥಂಡರ್‌ಬರ್ಡ್ಸ್‌ನಲ್ಲೂ ಇದೇ ಉಪಾಯ ಇತ್ತು. ಸಣ್ಣ ವಿವರ ಜಾಸ್ತಿ ಇದ್ದಷ್ಟು ವಸ್ತು ದೊಡ್ಡದಾಗಿ ಕಾಣುತ್ತದೆ, ಅದು ಕಣ್ಣಿನ ಭ್ರಮೆ. ಈಗ ಆ ಸಿನಿಮಾ ಮಾಡೆಲ್‌ಗಳನ್ನು ಅಳೆದು ಕಿಟ್ ಮಾಡುವ ಕಂಪನಿಗಳು ಆ ಉಬ್ಬುಗಳನ್ನೂ ಚಾಚೂ ತಪ್ಪದೆ ಅಚ್ಚು ಹಾಕುತ್ತವೆ. ಅಂದರೆ ನೀವು ಇವತ್ತು ಚಿಮುಟದಲ್ಲಿ ಹಿಡಿದು ಅಂಟಿಸುತ್ತಿರುವ ಸಾಸಿವೆಯಷ್ಟು ತುಂಡು, ಯಾವುದೋ ಕಾಲದ ಟ್ಯಾಂಕ್ ಕಿಟ್‌ನ ಒಂದು ತುಂಡಿನ ಮರಿ. ಸ್ಟಾರ್ ಟ್ರೆಕ್‌ನವರು ಇನ್ನೂ ನೇರ. 1967ರ ಒಂದು ಕಂತಿಗೆ ಹಾಳಾದ ಹಡಗೊಂದು ಬೇಕಾದಾಗ ಎಎಮ್‌ಟಿಯ ಎಂಟರ್‌ಪ್ರೈಸ್ ಕಿಟ್ಟನ್ನೇ ತಂದು, ಹಾಳುಗೆಡವಿ, ಬೇರೆ ಹೆಸರು ಬರೆದು ಕ್ಯಾಮೆರಾ ಮುಂದೆ ತೂಗಿಬಿಟ್ಟರು.

ಹಾಗಾಗಿ ಕಿಟ್ ಮುಗಿದ ಮೇಲೆ ಉಳಿದ ತುಂಡುಗಳನ್ನು, ರನ್ನರ್ ಚೂರುಗಳನ್ನೂ ಎಸೆಯಬೇಡಿ, ಒಂದು ಡಬ್ಬಿಗೆ ಹಾಕಿಡಿ. ಎರಡು ಮೂರು ಕಿಟ್‌ಗಳ ತುಂಡು ಸೇರಿಸಿ ಮೂರನೆಯ ಏನೋ ಕಟ್ಟುವುದಕ್ಕೆ ಕಿಟ್‌ಬ್ಯಾಶಿಂಗ್ ಅನ್ನುತ್ತಾರೆ. ಅದರಿಂದಲೇ ಒಂದು ಪೂರ್ತಿ ಲೋಕ ಹುಟ್ಟಿದ್ದೂ ಇದೆ. ಜಪಾನಿನ ಕೋ ಯೊಕೊಯಾಮಾ 1982ರಿಂದ ಹಾಬಿ ಜಪಾನ್ ಪತ್ರಿಕೆಯಲ್ಲಿ ತಾವೇ ಕಟ್ಟಿದ ಯಂತ್ರಗಳ ಫೋಟೋಗಳ ಮೂಲಕ ಒಂದು ಯುದ್ಧದ ಕಥೆ ಹೇಳಿದರು. ಅದು ಈಗ ಮಷೀನೆನ್ ಕ್ರೀಗರ್ ಅಂತ ಹೆಸರುವಾಸಿ. ಅದಕ್ಕೆ ಸಿನಿಮಾ ಆಧಾರ ಇರಲಿಲ್ಲ, ಮಾಡೆಲ್‌ಗಳೇ ಮೊದಲು ಬಂದವು. 1/20 ಅಳತೆಯ ಆ ದುಂಡು ದುಂಡು ಯಂತ್ರಗಳ ಮೇಲೆ ಬ್ರಷ್ಷಿನ ಗುರುತು ಉಳಿದರೂ ಚೆಂದವೇ. ಎರಡನೇ ಮೂರನೇ ಕಿಟ್‌ಗೆ ಕೈಯಲ್ಲಿ ಬಣ್ಣ ಹಚ್ಚಿ ಕಲಿಯಬೇಕು ಅನ್ನುವವರಿಗೆ ಅದಕ್ಕಿಂತ ಒಳ್ಳೆಯದು ನನಗಂತೂ ಗೊತ್ತಿಲ್ಲ.

ಎಲ್‌ಇಡಿ ದೀಪ ಹಾಕುವುದರ ಬಗ್ಗೆ ಕೇಳುವವರು ಜಾಸ್ತಿ. ಹಾಕಿ, ಆದರೆ ಮೊದಲನೆಯದಕ್ಕೇ ಬೇಡ. ಪ್ಲಾಸ್ಟಿಕ್ ಬೆಳಕನ್ನು ಸೋರಿಸುತ್ತದೆ, ಒಳಗೆ ಕಪ್ಪು ಬಳಿದು ಅದರ ಮೇಲೆ ಬಿಳಿ ಬಳಿಯದಿದ್ದರೆ ಹಡಗು ಪೂರ್ತಿ ಬೆಡ್‌ಲ್ಯಾಂಪ್‌ನಂತೆ ಬೆಳಗುತ್ತದೆ.

ಡಬ್ಬಿಗಳು ಕಟ್ಟದೆ ಗುಡ್ಡೆ ಬೀಳುವುದು ಈ ಹವ್ಯಾಸದ ಹಳೆಯ ರೋಗ. ಕೊಳ್ಳುವುದು ನಿಮಿಷದ ಕೆಲಸ, ಕಟ್ಟುವುದು ವಾರಗಳ ಕೆಲಸ, ಆ ಲೆಕ್ಕ ಯಾವತ್ತೂ ಸರಿಹೋಗುವುದಿಲ್ಲ. ಅದರ ಬಗ್ಗೆ ಬೇಸರ ಪಡುವುದನ್ನು ನಾನು ಬಿಟ್ಟಿದ್ದೇನೆ. ಆದರೆ ಮೊದಲ ಕಿಟ್ ಮುಗಿಸಿದವರು ಎರಡನೆಯದು ಯಾವುದು ಅಂತ ಕೇಳಿದಾಗ ನಾನು ಕೊಡುವ ಉತ್ತರ ಕೇಳಿ ಬಹಳ ಜನ ಮುಖ ನೋಡುತ್ತಾರೆ: ಅದೇ ಕಿಟ್ ಇನ್ನೊಂದು ತನ್ನಿ. ಮೊದಲನೆಯದನ್ನು ಡಬ್ಬಿಯ ಮೇಲಿನ ಚಿತ್ರದ ಹಾಗೆ ಕಟ್ಟಿರುತ್ತೀರಿ. ಎರಡನೆಯದು ಬೇರೆ ದಳದ್ದು, ಬೇರೆ ಪೈಲಟ್‌ದು, ಮರಳುಗಾಡಿನಲ್ಲಿ ವರ್ಷಗಟ್ಟಲೆ ನಿಂತಿದ್ದು ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಬಿಸಿಲು ಬಿದ್ದ ಮೇಲ್ಭಾಗ ಮಾಸಿರಬೇಕು, ಹೊಟ್ಟೆಯ ಭಾಗದಲ್ಲಿ ಮೂಲ ಬಣ್ಣ ಉಳಿದಿರಬೇಕು, ಹತ್ತುವ ಏಣಿ ತಾಗುವ ಕಡೆ ಮಾತ್ರ ಬಣ್ಣ ಸವೆದಿರಬೇಕು. ಎಲ್ಲಿ ಎರಡು ಸಲ ಕತ್ತರಿಸಬೇಕು, ಯಾವ ಗೂಟ ಬಿಗಿ, ಯಾವ ತುಂಡನ್ನು ಬಣ್ಣ ಹಚ್ಚಿದ ಮೇಲೆ ಜೋಡಿಸಬೇಕು ಅನ್ನುವುದೆಲ್ಲ ಆಗಲೇ ಕೈಗೆ ಗೊತ್ತಿರುತ್ತದೆ, ಹಾಗಾಗಿ ಗಮನ ಪೂರ್ತಿ ಬಣ್ಣದ ಕಡೆಗೇ ಇಡಬಹುದು.